ಅಂಚಿಲ್ಲದ ಗೆಲಾಕ್ಸಿಗೆ ಅಳತೆಗೋಲು

ಕತ್ತಲಾದ ಮೇಲೆ ಬೆಟ್ಟದ ನೆತ್ತಿಯಲ್ಲಿ ನಿಂತು ಕೆಳಗಿನ ಊರನ್ನು ನೋಡಬೇಕು. ನಡುವೆ ಪೇಟೆಯ ದೀಪಗಳು ಒತ್ತೊತ್ತಾಗಿ ಉರಿಯುತ್ತಿರುತ್ತವೆ. ಹೊರಕ್ಕೆ ಬಂದಂತೆ ಹೊಸ ಬಡಾವಣೆಗಳು, ಆಮೇಲೆ ಅಲ್ಲೊಂದು ಇಲ್ಲೊಂದು ತೋಟದ ಮನೆ, ಅದರಾಚೆ ಎಲ್ಲೋ ಪಂಪ್‌ಸೆಟ್ ಮನೆಯ ಒಂಟಿ ಬಲ್ಬು. ಈ ಊರು ಎಲ್ಲಿಗೆ ಮುಗಿಯಿತು ಎಂದು ಯಾರಾದರೂ ಕೇಳಿದರೆ ಬೆರಳಿಟ್ಟು ತೋರಿಸುವುದು ಕಷ್ಟ. ಪುರಸಭೆಗೆ ಗಡಿಕಲ್ಲು ಉಂಟು, ಬೆಳಕಿಗೆ ಇಲ್ಲ. ಸ್ವಲ್ಪ ಮಂಜು ಕವಿಯಿತೆಂದರೆ ಹೊರವಲಯದ ದೀಪಗಳೆಲ್ಲ ಅಳಿಸಿಹೋಗಿ ಊರೇ ಚಿಕ್ಕದಾದಂತೆ ಕಾಣುತ್ತದೆ.

ಗೆಲಾಕ್ಸಿಗಳನ್ನು ಅಳೆಯಲು ಹೊರಟ ಖಗೋಳ ವಿಜ್ಞಾನಿಗಳ ಪಾಡೂ ಹೆಚ್ಚುಕಡಿಮೆ ಇದೇ. ಅಸಂಖ್ಯ ನಕ್ಷತ್ರಗಳು, ಅನಿಲ, ಧೂಳು ಎಲ್ಲ ಗುರುತ್ವದ ಹಿಡಿತದಲ್ಲಿ ಒಟ್ಟಾಗಿರುವ ಸಂಸಾರಕ್ಕೆ ಗೆಲಾಕ್ಸಿ ಎಂದು ಹೆಸರು. ನಾವಿರುವ ಆಕಾಶಗಂಗೆ ಅಂಥದ್ದೊಂದು. ಅದರ ಅಗಲ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ಇಲ್ಲಿ ‘ಸುಮಾರು’ ಎಂಬ ಮಾತನ್ನು ಬಿಡುವಂತಿಲ್ಲ. ಗೆಲಾಕ್ಸಿಯ ಬೆಳಕು ನಡುವಿನಿಂದ ಹೊರಕ್ಕೆ ತೆಳುವಾಗುತ್ತ ಹೋಗುತ್ತದೆಯೇ ಹೊರತು ಗೆರೆ ಎಳೆದಂತೆ ಎಲ್ಲೂ ನಿಲ್ಲುವುದಿಲ್ಲ.

ಹತ್ತಿರದ್ದಕ್ಕೇ ಹೀಗಾದರೆ ದೂರದ್ದರ ಗತಿಯೇನು? ಆಕಾಶದಲ್ಲಿ ದೂರ ನೋಡುವುದೆಂದರೆ ಹಿಂದಕ್ಕೆ ನೋಡುವುದು. ಸಾವಿರ ಕೋಟಿ ವರ್ಷಗಳ ಹಿಂದೆ ಹೊರಟ ಬೆಳಕು ಇಂದು ನಮ್ಮ ದೂರದರ್ಶಕಕ್ಕೆ ಬಿದ್ದರೆ, ಆ ಗೆಲಾಕ್ಸಿ ಸಾವಿರ ಕೋಟಿ ವರ್ಷಗಳ ಹಿಂದೆ ಹೇಗಿತ್ತೋ ಹಾಗೆ ಕಾಣುತ್ತದೆ. ವಿಶ್ವಕ್ಕೆ ಈಗ ಸುಮಾರು 1380 ಕೋಟಿ ವರ್ಷ. ಬೇರೆ ಬೇರೆ ದೂರದ ಗೆಲಾಕ್ಸಿಗಳ ಗಾತ್ರವನ್ನೂ ಆಕಾರವನ್ನೂ ಅಳೆದು ಸಾಲಾಗಿ ಜೋಡಿಸಿದರೆ ಗೆಲಾಕ್ಸಿಗಳ ಬಾಲ್ಯ, ಯೌವನ, ಮುಪ್ಪು ಎಲ್ಲ ಕಂಡಂತಾಯಿತು. ಮಾತಿನಲ್ಲಿ ಇದು ಸುಲಭ. ಆದರೆ ದೂರದ ಗೆಲಾಕ್ಸಿಯೊಂದು ಚಿಕ್ಕದಾಗಿ, ಸೊಟ್ಟಗೆ ಕಂಡಾಗ ಅದು ನಿಜಕ್ಕೂ ಆಗ ಹಾಗಿತ್ತೋ, ಅಥವಾ ಮಂಜು ಮುಸುಕಿದ ಊರಿನಂತೆ ನಮಗೆ ಹಾಗೆ ಕಾಣುತ್ತಿದೆಯೋ? ಈ ಅಳತೆಯ ಚರಿತ್ರೆಯುದ್ದಕ್ಕೂ ಇರುವುದು ಇದೊಂದೇ ಪ್ರಶ್ನೆ. ಒಂದು ತಲೆಮಾರು ಕೊಟ್ಟ ಉತ್ತರವನ್ನು ಇನ್ನೊಂದು ತಲೆಮಾರು ತಿದ್ದುತ್ತ ಬಂದಿದೆ.

ಈ ಮಸುಕು ಬೆಳಕುಗಳಿಗೆ ಆಕಾರವೆಂಬುದು ಉಂಟು ಎಂದು ಮೊದಲು ಕಂಡದ್ದು ಐರ್ಲೆಂಡಿನ ಬರ್ ಎಂಬ ಊರಿನಲ್ಲಿ. ಅಲ್ಲಿನ ಕೋಟೆಯ ಒಡೆಯ, ರಾಸ್ ಮನೆತನದ ಮೂರನೆಯ ಅರ್ಲ್ ವಿಲಿಯಂ ಪಾರ್ಸನ್ಸ್, ತನ್ನ ಜಮೀನಿನ ಆಳುಗಳಿಗೇ ಕೆಲಸ ಕಲಿಸಿ, ತಾಮ್ರ ಮತ್ತು ತವರ ಕರಗಿಸಿ 72 ಅಂಗುಲ ಅಗಲದ ಲೋಹದ ಕನ್ನಡಿ ಎರಕ ಹೊಯ್ಯಿಸಿದ. ಅದರ ತೂಕ ಸುಮಾರು 3 ಟನ್. 1917ರವರೆಗೆ ಅದಕ್ಕಿಂತ ದೊಡ್ಡ ದೂರದರ್ಶಕ ಜಗತ್ತಿನಲ್ಲಿರಲಿಲ್ಲ. 1845ರ ವಸಂತದಲ್ಲಿ ಆತ ಅದನ್ನು ಎಂ 51 ಎಂಬ ನೀಹಾರಿಕೆಯತ್ತ ತಿರುಗಿಸಿದ. ಸಪ್ತರ್ಷಿ ಮಂಡಲದ ಬಾಲದ ತುದಿಯ ಮರೀಚಿ ನಕ್ಷತ್ರ ಗೊತ್ತಿದ್ದವರಿಗೆ ಅದರ ಜಾಗ ಹುಡುಕುವುದು ಕಷ್ಟವಲ್ಲ. ಅದುವರೆಗೆ ಬರಿಯ ಮಬ್ಬು ಚುಕ್ಕೆಯಾಗಿದ್ದದ್ದು ದೀಪಾವಳಿಯ ಭೂಚಕ್ರದಂತೆ ಸುರುಳಿ ಬಿಚ್ಚಿ ನಿಂತಿತು. ಛಾಯಾಚಿತ್ರ ತೆಗೆಯುವ ಅನುಕೂಲ ಆಗ ಇರಲಿಲ್ಲವಾದ್ದರಿಂದ ಆತ ಕಂಡದ್ದನ್ನು ಕೈಯಲ್ಲೇ ಬರೆದ. ಅದೇ ವರ್ಷ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಮಹಾಕ್ಷಾಮ ಶುರುವಾಯಿತು. ಅರ್ಲ್ ಪರಿಹಾರದ ಕೆಲಸಕ್ಕೆ ಇಳಿದ. ದೊಡ್ಡ ದೂರದರ್ಶಕ ಬಹುಕಾಲ ಸುಮ್ಮನೆ ನಿಂತಿತು.

ಸುರುಳಿ ಕಂಡಿತು, ಸರಿ. ಎಷ್ಟು ದೊಡ್ಡದು? ದೂರ ತಿಳಿಯದೆ ಗಾತ್ರ ಹೇಳುವಂತಿಲ್ಲ. ಕಣ್ಣಿಗೆ ಒಂದೇ ಅಳತೆಯಲ್ಲಿ ಕಾಣುವ ಎರಡು ದೀಪಗಳಲ್ಲಿ ಒಂದು ಅಂಗಳದ ಹಣತೆಯಾಗಿರಬಹುದು, ಇನ್ನೊಂದು ದೂರದ ಕಾರ್ಖಾನೆಯ ದೀಪವಾಗಿರಬಹುದು. ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ ಏಡ್ರಿಯನ್ ವಾನ್ ಮಾನನ್ ಎಂಬವರು 1916ರಲ್ಲಿ, ಎಂ 101 ಎಂಬ ಸುರುಳಿ ಕೆಲವೇ ವರ್ಷಗಳ ಅಂತರದ ಫೋಟೋಗಳಲ್ಲಿ ತಿರುಗಿರುವುದನ್ನು ಅಳೆದೆ ಎಂದರು. ಅದು ನಿಜವಾಗಿದ್ದರೆ ಸುರುಳಿಗಳು ನಮ್ಮ ಪಕ್ಕದಲ್ಲೇ ಇರುವ ಪುಟ್ಟ ವಸ್ತುಗಳಾಗಬೇಕಿತ್ತು. ದೊಡ್ಡವಾಗಿದ್ದರೆ ಅವುಗಳ ಅಂಚು ಬೆಳಕಿಗಿಂತ ಜೋರಾಗಿ ಓಡಬೇಕಾಗುತ್ತಿತ್ತು. ಅಳತೆ ತಪ್ಪಾಗಿತ್ತು. ಆದರೂ ಅದನ್ನು ನಂಬಿ ಒಂದು ದಶಕ ವಾದ ನಡೆಯಿತು.

ವಾದ ಮುಗಿಸಿದವರು ಅದೇ ಬೆಟ್ಟದ ಎಡ್ವಿನ್ ಹಬಲ್. 1923ರ ಅಕ್ಟೋಬರಿನಲ್ಲಿ 100 ಅಂಗುಲದ ದೂರದರ್ಶಕದಿಂದ ತೆಗೆದ ಫೋಟೋಗಳಲ್ಲಿ ಅವರು ದೇವಯಾನಿ ನೀಹಾರಿಕೆಯೊಳಗೆ ಮಿಡಿಯುವ ನಕ್ಷತ್ರವೊಂದನ್ನು ಹಿಡಿದರು. ಸೆಫೀಡ್ ಜಾತಿಯ ಈ ನಕ್ಷತ್ರಗಳು ಬೆಳಗಿ ಮಂಕಾಗಿ ಮತ್ತೆ ಬೆಳಗುವ ಅವಧಿಯಿಂದ ಅವುಗಳ ನಿಜವಾದ ಪ್ರಕಾಶ ತಿಳಿಯುತ್ತದೆ, ಅದರಿಂದ ದೂರ. ಹಬಲ್‌ಗೆ ಬಂದ ಉತ್ತರ ಸುಮಾರು 9 ಲಕ್ಷ ಜ್ಯೋತಿರ್ವರ್ಷ. ಇಂದಿನ ಲೆಕ್ಕದಲ್ಲಿ ಅದು 25 ಲಕ್ಷ. ಹೇಗಿದ್ದರೂ ಆಕಾಶಗಂಗೆಯ ಹೊರಗೇ ಸರಿ. ನೀಹಾರಿಕೆ ಗೆಲಾಕ್ಸಿಯಾಯಿತು.

1926ರಲ್ಲಿ ಹಬಲ್ ಗೆಲಾಕ್ಸಿಗಳನ್ನು ಆಕಾರದ ಮೇಲೆ ವಿಂಗಡಿಸಿದರು. ನುಣ್ಣಗೆ ಉಂಡೆಯಂತೆಯೋ ಮೊಟ್ಟೆಯಂತೆಯೋ ಇರುವ ದೀರ್ಘವೃತ್ತೀಯಗಳು ಒಂದು ಗುಂಪು. ತಟ್ಟೆಯ ಮೇಲೆ ತೋಳುಗಳಿರುವ ಸುರುಳಿಗಳು ಇನ್ನೊಂದು. ನಡುವೆ ಪಟ್ಟಿಯಿರುವ ಸುರುಳಿಗಳು ಮತ್ತೊಂದು. ಯಾವುದಕ್ಕೂ ಸೇರದ ಅನಿಯತ ಗೆಲಾಕ್ಸಿಗಳು ಕೊನೆಗೆ. 1936ರ ತಮ್ಮ ಪುಸ್ತಕದಲ್ಲಿ ಇವನ್ನು ಶಾಲೆಯ ಪ್ರಯೋಗಶಾಲೆಯಲ್ಲಿರುವ ಶ್ರುತಿಕವೆಯ ಆಕಾರದಲ್ಲಿ ಜೋಡಿಸಿ ತೋರಿಸಿದರು. ಹಿಡಿಯಲ್ಲಿ ಉಂಡೆಗಳು, ಎರಡು ಕವಲುಗಳಲ್ಲಿ ಎರಡು ಬಗೆಯ ಸುರುಳಿಗಳು. ಹಿಡಿಯ ಕಡೆಯವಕ್ಕೆ ‘ಮೊದಲಿನವು’, ಕವಲಿನ ತುದಿಯವಕ್ಕೆ ‘ತಡವಾದವು’ ಎಂದು ಅವರು ಇಟ್ಟ ಹೆಸರು ಇಂದಿಗೂ ಬಳಕೆಯಲ್ಲಿದೆ. ಇದು ಕಾಲದ ಅನುಕ್ರಮವಲ್ಲ ಎಂದು ಹಬಲ್ ಹೇಳಿದ್ದರೂ ಉಂಡೆಗಳೇ ಬಿಚ್ಚಿಕೊಂಡು ಸುರುಳಿಗಳಾಗುತ್ತವೆ ಎಂದು ಹಲವರು ಅರ್ಥಮಾಡಿಕೊಂಡರು. ಈಗ ನಮಗೆ ತಿಳಿದಿರುವ ಮಟ್ಟಿಗೆ ನಡೆಯುವುದು ಬಹುಪಾಲು ತಿರುಗುಮುರುಗು: ಸುರುಳಿಗಳು ಒಂದಕ್ಕೊಂದು ಢಿಕ್ಕಿ ಹೊಡೆದು ಬೆರೆತಾಗ ತೋಳುಗಳು ಕದಡಿ ಉಂಡೆಯಾಗುತ್ತವೆ. ಹೆಸರು ಮಾತ್ರ ಹಾಗೇ ಉಳಿದಿದೆ. ವಿಜ್ಞಾನದಲ್ಲೂ ಒಮ್ಮೆ ಕರೆದ ಅಡ್ಡಹೆಸರು ಸುಲಭಕ್ಕೆ ಹೋಗುವುದಿಲ್ಲ.

ದೂರದ ಗೆಲಾಕ್ಸಿಗಳ ಬೆಳಕಿನ ಅಲೆ ಹಿಗ್ಗಿ ಕೆಂಪಿನ ಕಡೆಗೆ ಸರಿದಿರುತ್ತದೆ, ಇದು ವಿಶ್ವವೇ ಹಿಗ್ಗುತ್ತಿರುವುದರ ಗುರುತು, ಎಂಬುದು 1929ರ ನಂತರ ನೆಲೆಯೂರಿತು. ಹಿಗ್ಗುವ ವಿಶ್ವದಲ್ಲಿ ವಸ್ತುವೊಂದು ಹೇಗೆ ಕಾಣಬೇಕು ಎಂದು 1930ರಲ್ಲಿ ಲೆಕ್ಕ ಹಾಕಿದವರು ರಿಚರ್ಡ್ ಟೋಲ್ಮನ್. ಅವರ ಲೆಕ್ಕ ಬಹಳ ಕ್ರೂರವಾದದ್ದು. ಪ್ರತಿ ಬೆಳಕಿನ ಕಣದ ಶಕ್ತಿ ಕುಗ್ಗಿರುತ್ತದೆ. ಕಣಗಳು ಬಿಡುವು ಬಿಟ್ಟು ಬಿಟ್ಟು ಬಂದು ತಲುಪುತ್ತವೆ. ಬೆಳಕು ಹೊರಟಾಗ ಗೆಲಾಕ್ಸಿ ನಮಗೆ ಈಗಿನದಕ್ಕಿಂತ ಹತ್ತಿರವಿದ್ದುದರಿಂದ ಅದರ ಚಿತ್ರ ಉದ್ದಕ್ಕೂ ಅಗಲಕ್ಕೂ ಹರಡಿಕೊಂಡಿರುತ್ತದೆ. ನಾಲ್ಕೂ ಸೇರಿ, ಬೆಳಕಿನ ಅಲೆ ಎರಡು ಪಟ್ಟು ಹಿಗ್ಗಿದ್ದರೆ ಗೆಲಾಕ್ಸಿಯ ಮೇಲ್ಮೈ ಪ್ರಕಾಶ 16ನೇ ಒಂದು ಪಾಲಿಗೆ ಇಳಿಯುತ್ತದೆ. ನಾಲ್ಕು ಪಟ್ಟಾದರೆ 256ನೇ ಒಂದು ಪಾಲು. ಹತ್ತು ಪಟ್ಟಾದರೆ 10,000ನೇ ಒಂದು ಪಾಲು. ಬೆಟ್ಟದ ಮೇಲಿನ ನಮ್ಮ ಮಂಜು ಇದೇ. ಗೆಲಾಕ್ಸಿಯ ನಡುಭಾಗದ ದಟ್ಟ ಬೆಳಕು ಉಳಿದುಕೊಳ್ಳುತ್ತದೆ, ತೆಳುವಾದ ಹೊರವಲಯ ಕತ್ತಲಲ್ಲಿ ಕರಗುತ್ತದೆ.

ಇದರಲ್ಲೊಂದು ಸೋಜಿಗವೂ ಇದೆ. ದೂರ ಹೋದಂತೆ ವಸ್ತು ಚಿಕ್ಕದಾಗಿ ಕಾಣಬೇಕಲ್ಲವೆ? ವಿಶ್ವದಲ್ಲಿ ಅದು ಒಂದು ಹಂತದವರೆಗೆ ಮಾತ್ರ ನಿಜ. ಸುಮಾರು 950 ಕೋಟಿ ವರ್ಷಗಳ ಹಿಂದಿನ ಗೆಲಾಕ್ಸಿಗಳು ಅತ್ಯಂತ ಚಿಕ್ಕದಾಗಿ ಕಾಣುತ್ತವೆ. ಅದಕ್ಕೂ ಹಿಂದಿನವು, ನಿಜ ಗಾತ್ರ ಅಷ್ಟೇ ಇದ್ದ ಪಕ್ಷದಲ್ಲಿ, ಮತ್ತೆ ದೊಡ್ಡದಾಗಿ ಕಾಣಬೇಕು. 30 ಸಾವಿರ ಜ್ಯೋತಿರ್ವರ್ಷ ಅಗಲದ ಗೆಲಾಕ್ಸಿ ಎಲ್ಲೇ ಇರಲಿ, ಆಕಾಶದಲ್ಲಿ ಸುಮಾರು ಒಂದು ವಿಕಲೆಗಿಂತ ಕಿರಿದಾಗುವುದಿಲ್ಲ. ವಿಕಲೆಯೆಂದರೆ ಒಂದು ಅಂಶದ 3600ನೇ ಒಂದು ಪಾಲು. ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವನ್ನು ಐದು ಕಿಲೋಮೀಟರ್ ಆಚೆ ಇಟ್ಟರೆ ಕಾಣುವಷ್ಟು. ನಮ್ಮ ಗಾಳಿಯ ಅಲುಗಾಟವೇ ಎಲ್ಲವನ್ನೂ ಹೆಚ್ಚುಕಡಿಮೆ ಅಷ್ಟು ಅಗಲಕ್ಕೆ ಕದಡಿಬಿಡುತ್ತದೆ. ಹೀಗಾಗಿ ನೆಲದ ಮೇಲಿನ ದೂರದರ್ಶಕಗಳಿಗೆ ದೂರದ ಗೆಲಾಕ್ಸಿಗಳೆಲ್ಲ ದಶಕಗಳ ಕಾಲ ಬರಿಯ ಮಸುಕು ಚುಕ್ಕೆಗಳಾಗಿಯೇ ಉಳಿದವು.

ಆಕಾರ ಕಾಣದಿದ್ದರೇನು, ಪ್ರಕಾಶ ಅಳೆಯಬಹುದಲ್ಲ ಎಂದು ಹೊರಟವರು ಅಲನ್ ಸ್ಯಾಂಡೇಜ್, ಹಬಲ್ ನಂತರ ಅವರ ಕೆಲಸವನ್ನು ಹೊತ್ತವರು. ಗೆಲಾಕ್ಸಿ ಸಮೂಹಗಳ ನಡುವಿನ ದೈತ್ಯ ದೀರ್ಘವೃತ್ತೀಯಗಳು ಎಲ್ಲ ಕಾಲದಲ್ಲೂ ಒಂದೇ ಪ್ರಕಾಶದವು ಎಂದು ಇಟ್ಟುಕೊಂಡರೆ ಅವುಗಳಿಂದ ವಿಶ್ವದ ಹಿಗ್ಗುವಿಕೆ ಎಷ್ಟು ನಿಧಾನವಾಗುತ್ತಿದೆ ಎಂದು ಲೆಕ್ಕ ಹಾಕಬಹುದು ಎಂಬುದು ಅವರ ಯೋಜನೆ. ಜಗತ್ತಿನ ದೊಡ್ಡ ದೂರದರ್ಶಕಗಳ ಎಷ್ಟೋ ರಾತ್ರಿಗಳು ಇದಕ್ಕೆ ಸಂದವು.

ಈ ಕಟ್ಟಡದ ಅಡಿಗಲ್ಲನ್ನು ಅಲುಗಿಸಿದವರು ಬಿಯಾಟ್ರಿಸ್ ಟಿನ್‌ಸ್ಲಿ. ಇಂಗ್ಲೆಂಡಿನಲ್ಲಿ ಹುಟ್ಟಿ ನ್ಯೂಜಿಲೆಂಡಿನಲ್ಲಿ ಬೆಳೆದು ಗಂಡನ ಕೆಲಸದ ದೆಸೆಯಿಂದ ಅಮೆರಿಕದ ಡಲ್ಲಾಸ್‌ಗೆ ಬಂದ ಆಕೆ, ಅಲ್ಲಿಂದ 300 ಕಿಲೋಮೀಟರಿಗೂ ಹೆಚ್ಚು ದೂರದ ಆಸ್ಟಿನ್‌ಗೆ ಓಡಾಡುತ್ತ 1960ರ ದಶಕದಲ್ಲಿ ಪಿಎಚ್.ಡಿ. ಮುಗಿಸಿದರು. ಆಕೆಯ ವಾದ ಸರಳ. ಗೆಲಾಕ್ಸಿಯ ಬೆಳಕೆಂದರೆ ನಕ್ಷತ್ರಗಳ ಬೆಳಕು. ನಕ್ಷತ್ರಗಳು ಹುಟ್ಟುತ್ತವೆ, ವಯಸ್ಸಾಗುತ್ತವೆ, ಆರಿಹೋಗುತ್ತವೆ. ಹಾಗಿದ್ದ ಮೇಲೆ ಗೆಲಾಕ್ಸಿಯ ಬಣ್ಣ ಮತ್ತು ಪ್ರಕಾಶ ಕಾಲಕಾಲಕ್ಕೆ ಬದಲಾಗಲೇಬೇಕು. ನೂರಾರು ಕೋಟಿ ವರ್ಷ ಹಿಂದಿನ ಗೆಲಾಕ್ಸಿಯನ್ನು ಇಂದಿನದರ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಎಷ್ಟು ಬದಲಾಗಬೇಕೆಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ಸ್ಯಾಂಡೇಜ್ ಸುಲಭಕ್ಕೆ ಒಪ್ಪಲಿಲ್ಲ. ಎಪ್ಪತ್ತರ ದಶಕದುದ್ದಕ್ಕೂ ಈ ಜಗಳ ನಡೆಯಿತು. ಟಿನ್‌ಸ್ಲಿ 1978ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಪ್ರೊಫೆಸರ್ ಆದರು. 1981ರಲ್ಲಿ, 40ನೇ ವಯಸ್ಸಿನಲ್ಲಿ, ಚರ್ಮದ ಕ್ಯಾನ್ಸರಿನಿಂದ ತೀರಿಕೊಂಡರು.

ಈ ಕತೆಗೆ ಒಂದು ಮುಂದುವರಿಕೆ ಇದೆ. ವಯಸ್ಸಾದ ಸ್ಯಾಂಡೇಜ್ ಲೋರಿ ಲೂಬಿನ್ ಜೊತೆ ಸೇರಿ, ಬಾಹ್ಯಾಕಾಶದ ದೂರದರ್ಶಕ ತೆಗೆದ ಚಿತ್ರಗಳಿಂದ ಟೋಲ್ಮನ್ನರ ಹಳೆಯ ಲೆಕ್ಕವನ್ನು ಪರೀಕ್ಷೆಗೆ ಒಡ್ಡಿದರು. 2001ರಲ್ಲಿ ಬಂದ ಫಲಿತಾಂಶದಲ್ಲಿ ದೂರದ ಗೆಲಾಕ್ಸಿಗಳು ಟೋಲ್ಮನ್ ಹೇಳಿದಷ್ಟು ಮಂಕಾಗಿರಲಿಲ್ಲ. ಆಗ ಅವುಗಳ ನಕ್ಷತ್ರಗಳು ಎಳೆಯವಾಗಿದ್ದು ಹೆಚ್ಚು ಬೆಳಗುತ್ತಿದ್ದವು ಎಂಬುದನ್ನು ಲೆಕ್ಕಕ್ಕೆ ಸೇರಿಸಿದ ಮೇಲೆಯೇ ಉತ್ತರ ಸರಿಹೋದದ್ದು. ಟಿನ್‌ಸ್ಲಿ ಹೇಳಿದ್ದೂ ಅದನ್ನೇ.

ಅಂಚಿಲ್ಲದ ವಸ್ತುವಿಗೆ ಗಾತ್ರ ಹೇಳುವುದು ಹೇಗೆ ಎಂಬ ಮೊದಲಿನ ತೊಡಕಿಗೆ ಈಗ ಬರೋಣ. ಊರಿನ ಗಡಿ ತಿಳಿಯದಿದ್ದರೂ ಊರಿನ ಒಟ್ಟು ದೀಪಗಳಲ್ಲಿ ಅರ್ಧದಷ್ಟು ಒಳಗೆ ಬರುವಂತೆ ಒಂದು ವೃತ್ತ ಎಳೆಯಬಹುದು. ಆ ವೃತ್ತದ ತ್ರಿಜ್ಯವನ್ನೇ ಗೆಲಾಕ್ಸಿಯ ಗಾತ್ರವೆಂದು ಕರೆಯುವುದು ರೂಢಿ. ಆದರೆ ಒಟ್ಟು ಬೆಳಕು ಎಷ್ಟೆಂದು ತಿಳಿಯಬೇಕಲ್ಲ? ಅದಕ್ಕೆ ಬೆಳಕು ಯಾವ ನಿಯಮದಲ್ಲಿ ಕ್ಷೀಣಿಸುತ್ತದೆ ಎಂದು ಗೊತ್ತಿರಬೇಕು. ದೀರ್ಘವೃತ್ತೀಯಗಳಿಗೆ ಒಪ್ಪುವ ಸೂತ್ರವನ್ನು 1948ರಲ್ಲಿ ಫ್ರಾನ್ಸಿನ ಜೆರಾರ್ ದ ವೋಕುಲರ್ ಕೊಟ್ಟರು. ಅರ್ಜೆಂಟೀನಾದ ಕೊರ್ದೊಬ ವೀಕ್ಷಣಾಲಯದ ಹೊಸೆ ಲೂಯಿಸ್ ಸೆರ್ಸಿಕ್ 1963ರಲ್ಲಿ ಅದನ್ನು ವಿಸ್ತರಿಸಿ ಒಂದೇ ಒಂದು ಅಂಕಿಯನ್ನು ಬದಲಿಸುತ್ತ ಹೋದರೆ ಎಲ್ಲ ಬಗೆಯ ಗೆಲಾಕ್ಸಿಗಳೂ ಬರುವಂತೆ ಮಾಡಿದರು: ಅಂಕಿ 1 ಆದರೆ ತಟ್ಟೆ, 4 ಆದರೆ ಉಂಡೆ. ಇಂದು ಕಂಪ್ಯೂಟರುಗಳು ಲಕ್ಷಗಟ್ಟಲೆ ಗೆಲಾಕ್ಸಿಗಳ ಗಾತ್ರ, ಆಕಾರ ಅಳೆಯುವುದು ಸೆರ್ಸಿಕ್ ಸೂತ್ರದಿಂದಲೇ.

ಕದಡುವ ಗಾಳಿಯಿಂದ ಪಾರಾಗಲು ದೂರದರ್ಶಕವನ್ನೇ ಗಾಳಿಯ ಮೇಲಕ್ಕೆ ಕಳಿಸಬೇಕು. 1990ರ ಏಪ್ರಿಲ್ 24ರಂದು ಹಬಲ್ ಹೆಸರಿನ ದೂರದರ್ಶಕ ಮೇಲೇರಿತು. ಮುಂದಿನದು ಬಹಳ ಓದುಗರಿಗೆ ನೆನಪಿರಬಹುದು. ಅದರ 2.4 ಮೀಟರ್ ಅಗಲದ ಕನ್ನಡಿಯ ಅಂಚು ಒಂದು ಮಿಲಿಮೀಟರಿನ ಸಾವಿರದ ಎರಡು ಪಾಲಿನಷ್ಟು ಹೆಚ್ಚಾಗಿ ಉಜ್ಜಿಹೋಗಿತ್ತು. ಚಿತ್ರಗಳು ಮಂಜಾದವು, ಪತ್ರಿಕೆಗಳಿಗೆ ನಗೆಚಾಟಿಕೆಯ ವಸ್ತುವಾಯಿತು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ಅದಕ್ಕೆ ಕನ್ನಡಕ ತೊಡಿಸಿ ಬಂದರು.

ಎರಡು ವರ್ಷದ ನಂತರ ಆ ದೂರದರ್ಶಕ ಸಂಸ್ಥೆಯ ನಿರ್ದೇಶಕ ರಾಬರ್ಟ್ ವಿಲಿಯಮ್ಸ್ ತಮ್ಮ ವಿವೇಚನೆಗೆ ಬಿಟ್ಟ ವೀಕ್ಷಣೆಯ ಸಮಯವನ್ನೆಲ್ಲ ಒಂದು ಖಾಲಿ ಜಾಗಕ್ಕೆ ಸುರಿದರು. ಸಪ್ತರ್ಷಿ ಮಂಡಲದಲ್ಲಿ, ಪೂರ್ಣಚಂದ್ರನ ಅಗಲದ ಹನ್ನೆರಡನೆಯ ಒಂದು ಪಾಲಿನಷ್ಟು ತುಣುಕು. ಅಲ್ಲಿ ಹೊಸದೇನೂ ಕಾಣಲಾರದು ಎಂದು ಜಾನ್ ಬಾಕಾಲ್ ಮೊದಲಾದ ಅನುಭವಿಗಳು 1990ರಲ್ಲೇ ಬರೆದಿದ್ದರು. 1995ರ ಡಿಸೆಂಬರ್ 18ರಿಂದ ಹತ್ತು ದಿನ ಒಂದೇ ಕಡೆ ದಿಟ್ಟಿಸಿ 342 ಚಿತ್ರಗಳನ್ನು ತೆಗೆದು ಒಂದರ ಮೇಲೊಂದು ಕೂಡಿಸಿದಾಗ ಆ ಖಾಲಿ ಜಾಗದಲ್ಲಿ ಸುಮಾರು 3000 ಗೆಲಾಕ್ಸಿಗಳು ಎದ್ದು ಬಂದವು.

ಅವುಗಳ ಆಕಾರವೋ! ಹಬಲ್ಲರ ಶ್ರುತಿಕವೆಗೆ ತಗುಲುವಂಥವು ಹತ್ತಿರದ ಕೆಲವು ಮಾತ್ರ. ದೂರದವು ಸರದಂತೆ ಪೋಣಿಸಿದ ಚುಕ್ಕೆಗಳು, ಬಾಲವುಳ್ಳ ಗೊದಮೊಟ್ಟೆಗಳು, ಒಡೆದ ಮಡಕೆಯ ಚೂರುಗಳು. ವಿಶ್ವದ ಬಾಲ್ಯದಲ್ಲಿ ಎಲ್ಲವೂ ಢಿಕ್ಕಿ, ಗೊಂದಲ. ಅಚ್ಚುಕಟ್ಟಾದ ತಟ್ಟೆ, ಸುರುಳಿಗಳೆಲ್ಲ ಬಹಳ ಕಾಲದ ನಂತರ ಬಂದವು ಎಂಬ ಚಿತ್ರ ಹೀಗೆ ರೂಪುಗೊಂಡಿತು. ಎರಡು ದಶಕಕ್ಕೂ ಹೆಚ್ಚು ಕಾಲ ಪಠ್ಯಪುಸ್ತಕಗಳು ಹೇಳಿದ್ದು ಬಹುತೇಕ ಇದನ್ನೇ.

ಇದರಲ್ಲೊಂದು ಮೋಸವಿತ್ತು, ಅದು ಆಗಲೇ ಕೆಲವರಿಗೆ ಗೊತ್ತೂ ಇತ್ತು. ಹಬಲ್ ದೂರದರ್ಶಕದ ಆ ಕ್ಯಾಮೆರಾ ನೋಡಿದ್ದು ಮುಖ್ಯವಾಗಿ ನಮ್ಮ ಕಣ್ಣಿಗೆ ಕಾಣುವ ಬೆಳಕಿನಲ್ಲಿ. ಆದರೆ ದೂರದ ಗೆಲಾಕ್ಸಿಯಿಂದ ಹಾಗೆ ಬರುವ ಬೆಳಕು ಅಲ್ಲಿಂದ ಹೊರಟಾಗ ಅತಿನೇರಳೆಯಾಗಿತ್ತು. ಅತಿನೇರಳೆಯನ್ನು ಹೆಚ್ಚಾಗಿ ಸೂಸುವುದು ಆಗತಾನೇ ಹುಟ್ಟಿದ ದೈತ್ಯ ನಕ್ಷತ್ರಗಳು. ಮದುವೆ ಮನೆಗಳ ಸೀರಿಯಲ್ ಸೆಟ್ ದೀಪಗಳು ಮಾತ್ರ ಕಾಣುವಂಥ ಕನ್ನಡಕ ಹಾಕಿಕೊಂಡು ಬೆಟ್ಟದಿಂದ ಊರನ್ನು ನೋಡಿದಂತೆ ಇದು. ಅಲ್ಲೊಂದು ಇಲ್ಲೊಂದು ಝಗಮಗಿಸುವ ತೇಪೆ. ನಡುವೆ ಸದ್ದಿಲ್ಲದೆ ಮಲಗಿರುವ ಊರು ಕಾಣುವುದೇ ಇಲ್ಲ. ಊರು ಚೂರುಚೂರಾಗಿದೆ ಎಂದು ವರದಿ ಬರೆದರೆ ತಪ್ಪು ಯಾರದು? ನಮ್ಮ ಹತ್ತಿರದ ಅಚ್ಚುಕಟ್ಟಾದ ಸುರುಳಿಗಳನ್ನೇ ಅತಿನೇರಳೆಯಲ್ಲಿ ನೋಡಿದರೆ ಅವೂ ಹರಕುಮುರುಕಾಗಿ ಕಾಣುತ್ತವೆ. ಆದ್ದರಿಂದ ವಿಜ್ಞಾನಿಗಳು ಒಂದು ಉಪಾಯ ಮಾಡಿದರು. ಹತ್ತಿರದ ಗೆಲಾಕ್ಸಿಯ ಒಳ್ಳೆಯ ಚಿತ್ರ ತೆಗೆದುಕೊಂಡು, ಕಂಪ್ಯೂಟರಿನಲ್ಲಿ ಅದನ್ನು ಟೋಲ್ಮನ್ನರ ಲೆಕ್ಕದಂತೆ ಮಂಕಾಗಿಸಿ, ದೂರದರ್ಶಕದ ಕದಡು ಸೇರಿಸಿ, ಕಾಳುಕಾಳಾದ ಹಿನ್ನೆಲೆಯಲ್ಲಿ ಹೂತು, ಅದು ದೂರದಲ್ಲಿದ್ದಿದ್ದರೆ ಹೇಗೆ ಕಾಣುತ್ತಿತ್ತು ಎಂದು ನೋಡುವುದು. ನಿಜವಾದ ದೂರದ ಗೆಲಾಕ್ಸಿಯನ್ನು ಅದರ ಪಕ್ಕ ಇಟ್ಟು ಹೋಲಿಸಿದರೆ ವ್ಯತ್ಯಾಸದಲ್ಲಿ ಎಷ್ಟು ಕಾಲದ್ದು, ಎಷ್ಟು ಮಂಜಿನದ್ದು ಎಂದು ತಿಳಿಯುತ್ತದೆ. ಹೀಗೆ ಹೋಲಿಸಿದ ಮೇಲೂ ಗೊಂದಲ ಪೂರ್ತಿ ಕಳೆಯಲಿಲ್ಲ ಎಂಬುದನ್ನೂ ಹೇಳಬೇಕು. ಆ ಕಾಲದ ಗೆಲಾಕ್ಸಿಗಳಲ್ಲಿ ನಿಜಕ್ಕೂ ಸೊಟ್ಟವು ಹೆಚ್ಚಿದ್ದವು.

ಸೊಟ್ಟ ಎಂದರೆ ಎಷ್ಟು ಸೊಟ್ಟ? ಹಬಲ್ಲರ ಕಾಲದಲ್ಲಿ ಪರಿಣತರ ಕಣ್ಣೇ ಪ್ರಮಾಣ. ತೊಂಬತ್ತರ ದಶಕದಲ್ಲಿ ರಾಬರ್ಟೊ ಅಬ್ರಹಾಂ ಮೊದಲಾದವರು ಇದಕ್ಕೂ ಅಂಕಿ ಕೊಟ್ಟರು. ಚಿತ್ರವನ್ನು ಅರ್ಧ ಸುತ್ತು ತಿರುಗಿಸಿ ಮೂಲದಿಂದ ಕಳೆದರೆ, ಸಮರೂಪದ ಗೆಲಾಕ್ಸಿಯಲ್ಲಿ ಏನೂ ಉಳಿಯುವುದಿಲ್ಲ, ಸೊಟ್ಟದ್ದರಲ್ಲಿ ಶೇಷ ಉಳಿಯುತ್ತದೆ. ಆ ಶೇಷವೇ ಸೊಟ್ಟತನದ ಅಳತೆ. ಇತ್ತ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ 2007ರಲ್ಲಿ ಸುಮಾರು 9 ಲಕ್ಷ ಹತ್ತಿರದ ಗೆಲಾಕ್ಸಿಗಳ ಚಿತ್ರಗಳನ್ನು ಸಾರ್ವಜನಿಕರ ಮುಂದೆ ಇಟ್ಟು, ನೀವೇ ವಿಂಗಡಿಸಿ ಎಂದರು. ‘ಗೆಲಾಕ್ಸಿ ಜೂ’ ಎಂಬ ಈ ಯೋಜನೆಗೆ ಲಕ್ಷಕ್ಕೂ ಹೆಚ್ಚು ಜನ ಕೂಡಿ ಬಂದರು. ಅದರಲ್ಲೊಂದು ತಮಾಷೆ ನಡೆಯಿತು. ಎಡಸುತ್ತಿನ ಸುರುಳಿಗಳು ಬಲಸುತ್ತಿನವುಗಳಿಗಿಂತ ಹೆಚ್ಚಿವೆ ಎಂದು ಎಣಿಕೆ ಹೇಳಿತು. ವಿಶ್ವಕ್ಕೆ ಎಡಗಡೆಯ ಒಲವಿದೆಯೇ? ಸಂಘಟಕರು ಮೆಲ್ಲಗೆ ಚಿತ್ರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಕೊಟ್ಟರು. ಆಗಲೂ ಎಡಸುತ್ತಿನವೇ ಹೆಚ್ಚು ಬಂದವು. ಒಲವು ಇದ್ದದ್ದು ಮನುಷ್ಯರ ಕಣ್ಣಿಗೆ.

ಆಕಾರದ ಕತೆ ಹೀಗೆ ಸಾಗುತ್ತಿದ್ದಾಗ ಗಾತ್ರದ ಕಡೆಯಿಂದ ನಿಜವಾದ ಆಘಾತ ಬಂತು. 2005ರಿಂದ 2008ರ ನಡುವೆ ಎಮಾನ್ಯುಯೆಲೆ ದಾದಿ, ಇಗ್ನಾಸಿಯೊ ತ್ರುಹಿಯೊ, ಪೀಟರ್ ವಾನ್ ಡೊಕ್ಕಂ ಮೊದಲಾದವರು ಸಾವಿರ ಕೋಟಿ ವರ್ಷಗಳಿಗೂ ಹಿಂದಿನ ಕೆಲವು ಕೆಂಪು ಗೆಲಾಕ್ಸಿಗಳನ್ನು ಅಳೆದರು. ತೂಕದಲ್ಲಿ ಅವು ಇಂದಿನ ದೈತ್ಯರ ಸಮ; ಹತ್ತು ಸಾವಿರ ಕೋಟಿ ಸೂರ್ಯರಿಗೂ ಹೆಚ್ಚು. ಅರ್ಧ ಬೆಳಕು ಒಳಗೊಳ್ಳುವ ತ್ರಿಜ್ಯ ಮಾತ್ರ ಸುಮಾರು 3000 ಜ್ಯೋತಿರ್ವರ್ಷ. ಇಂದು ಅದೇ ತೂಕದ ಗೆಲಾಕ್ಸಿ ಅದರ ನಾಲ್ಕೈದು ಪಟ್ಟು ಹರಡಿಕೊಂಡಿರುತ್ತದೆ. ಇಡೀ ಜಿಲ್ಲೆಯ ಜನ ಒಂದು ಹೋಬಳಿಯಲ್ಲಿ ವಾಸವಿದ್ದಂತೆ.

ಸಹಜವಾಗಿಯೇ ಎಲ್ಲರ ಬಾಯಲ್ಲೂ ಬಂದದ್ದು ಮಂಜಿನ ಮಾತು. ಹೊರವಲಯ ಇದ್ದೇ ಇರುತ್ತದೆ, ನಿಮಗೆ ಕಂಡಿಲ್ಲ ಅಷ್ಟೆ, ಎಂದರು. ಈ ಅನುಮಾನ ನ್ಯಾಯವಾದದ್ದೇ. ಉತ್ತರ ಎರಡು ಕಡೆಯಿಂದ ಬಂತು. ಒಂದು, ಇನ್ನಷ್ಟು ಆಳವಾದ ಚಿತ್ರಗಳಲ್ಲಿ ಹುಡುಕಿದರೂ ದೊಡ್ಡ ಹೊರವಲಯ ಸಿಗಲಿಲ್ಲ. ಎರಡನೆಯದು ಬೆಳಕಿನ ಹರವನ್ನು ನೆಚ್ಚಿದ್ದೇ ಅಲ್ಲ. ಅಷ್ಟು ತೂಕ ಅಷ್ಟು ಚಿಕ್ಕ ಜಾಗದಲ್ಲಿದ್ದರೆ ಒಳಗಿನ ನಕ್ಷತ್ರಗಳು ಬಹಳ ವೇಗವಾಗಿ ಓಡಾಡಬೇಕು. 2009ರಲ್ಲಿ ಅಂಥ ಒಂದು ಗೆಲಾಕ್ಸಿಯ ರೋಹಿತದಿಂದ ಆ ವೇಗವನ್ನು ಅಳೆದಾಗ ಸೆಕೆಂಡಿಗೆ ಸುಮಾರು 500 ಕಿಲೋಮೀಟರ್ ಎಂದು ಬಂತು. ಅಳತೆಪಟ್ಟಿ ಹೇಳಿದ್ದನ್ನೇ ತಕ್ಕಡಿಯೂ ಹೇಳಿತು. ಗೆಲಾಕ್ಸಿ ನಿಜಕ್ಕೂ ಪುಟ್ಟದು.

2009ರಲ್ಲಿ ಹಬಲ್‌ಗೆ ಅವಕೆಂಪು ಬೆಳಕನ್ನೂ ನೋಡಬಲ್ಲ ಹೊಸ ಕ್ಯಾಮೆರಾ ಸಿಕ್ಕಿತು. ಅದರ ಬಲದಿಂದ ಸಾವಿರಾರು ಗೆಲಾಕ್ಸಿಗಳನ್ನು ಅಳೆದು ಅರ್ಯನ್ ವಾನ್ ಡೆರ್ ವೆಲ್ ಮತ್ತು ಸಂಗಡಿಗರು 2014ರಲ್ಲಿ ಲೆಕ್ಕ ಕೊಟ್ಟರು. ಬೆಳಕಿನ ಅಲೆ ಮೂರು ಪಟ್ಟು ಹಿಗ್ಗಿರುವಷ್ಟು ಹಿಂದೆ, ಅಂದರೆ ಸಾವಿರ ಕೋಟಿ ವರ್ಷಕ್ಕೂ ಹಿಂದೆ, ನಕ್ಷತ್ರ ಹುಟ್ಟಿಸುತ್ತಿದ್ದ ಗೆಲಾಕ್ಸಿಗಳು ಅದೇ ತೂಕದ ಇಂದಿನವುಗಳ ಅರ್ಧಕ್ಕಿಂತ ಕಡಿಮೆ ಗಾತ್ರದವು. ನಕ್ಷತ್ರ ಹುಟ್ಟುವುದು ನಿಂತುಹೋದವು ಐದನೇ ಒಂದು ಪಾಲಿನವು. ಮೊದಲಿನವು ಚಿಕ್ಕದಿರುವುದು ಅರ್ಥವಾಗುವ ಮಾತು. ವಿಶ್ವವೇ ಆಗ ಇಕ್ಕಟ್ಟಾಗಿತ್ತು, ಗೆಲಾಕ್ಸಿಗಳನ್ನು ಹೊತ್ತ ಕಪ್ಪುದ್ರವ್ಯದ ಮುದ್ದೆಗಳೂ ಇಕ್ಕಟ್ಟಾಗಿದ್ದವು. ಆದರೆ ಹೊಸ ನಕ್ಷತ್ರಗಳೇ ಹುಟ್ಟದ ಗೆಲಾಕ್ಸಿ ಐದು ಪಟ್ಟು ಬೆಳೆಯುವುದು ಹೇಗೆ? ಹೆಚ್ಚಿನವರು ಒಪ್ಪುವ ಉತ್ತರ, ಸುತ್ತಲಿನ ಪುಟ್ಟ ಗೆಲಾಕ್ಸಿಗಳು ಒಂದೊಂದಾಗಿ ಬಂದು ಬಿದ್ದು ಹೊರವಲಯವನ್ನು ಕಟ್ಟಿದವು ಎಂಬುದು. ಮೂಲ ಊರು ಹಾಗೇ ಇದೆ, ಸುತ್ತ ಬಡಾವಣೆ ಸೇರಿತು. ಬಡಾವಣೆ ಸೇರದೆ ಉಳಿದ ಊರೂ ಒಂದಿದೆ: ಸುಮಾರು 24 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 1277 ಎಂಬ ಗೆಲಾಕ್ಸಿ ಇಂದಿಗೂ ಆ ಪುರಾತನ ಗಟ್ಟಿ ಉಂಡೆಯಂತೆಯೇ ಇದೆ.

2021ರ ಡಿಸೆಂಬರ್ 25ರಂದು ಜೇಮ್ಸ್ ವೆಬ್ ದೂರದರ್ಶಕ ಹಾರಿತು. 6.5 ಮೀಟರ್ ಕನ್ನಡಿ, ನೋಟವೆಲ್ಲ ಹೆಚ್ಚಾಗಿ ಅವಕೆಂಪಿನಲ್ಲಿ. ಸೀರಿಯಲ್ ಸೆಟ್ ದೀಪಗಳಾಚೆಗೆ ಊರಿನ ಸಾಮಾನ್ಯ ದೀಪಗಳೂ ಮೊದಲ ಬಾರಿಗೆ ಸ್ಪಷ್ಟವಾಗಿ ಕಂಡವು. 2022ರಲ್ಲಿ ಮೊದಲ ಚಿತ್ರಗಳು ಬಂದ ಕೆಲವೇ ವಾರಗಳಲ್ಲಿ ಲಿಯೊನಾರ್ಡೊ ಫೆರೇರಾ ಮತ್ತು ಸಂಗಡಿಗರು ಹೇಳಿದ್ದು: ಹಬಲ್ ಚಿತ್ರಗಳನ್ನು ನೋಡಿ ನಾವು ಎಣಿಸಿದ್ದಕ್ಕಿಂತ ಬಹಳ ಹೆಚ್ಚು ತಟ್ಟೆಗಳು ಆ ಆದಿಕಾಲದಲ್ಲೇ ಇವೆ. ಒಡೆದ ಮಡಕೆಯೆಂದು ಬರೆದಿಟ್ಟಿದ್ದ ಎಷ್ಟೋ ಗೆಲಾಕ್ಸಿಗಳು ನುಣುಪಾದ ತಟ್ಟೆಗಳಾಗಿ ಕಂಡವು.

ಹಾಗಾದರೆ ಗೊಂದಲದ ಬಾಲ್ಯವೆಲ್ಲ ಸುಳ್ಳೇ? ಅಷ್ಟು ಬೇಗ ತೀರ್ಪು ಕೊಡುವಂತಿಲ್ಲ. ಹಪ್ಪಳವನ್ನು ಅಂಚಿನಿಂದ ನೋಡಿದರೂ ಸೌತೆಕಾಯಿಯನ್ನು ಪಕ್ಕದಿಂದ ನೋಡಿದರೂ ದೂರಕ್ಕೆ ಉದ್ದ ಗೆರೆಯಾಗಿಯೇ ಕಾಣುತ್ತದೆ. ಒಂದನ್ನು ನೋಡಿ ಹೇಳಲಾಗುವುದಿಲ್ಲ. ನೂರಾರನ್ನು ನೋಡಿದರೆ ಹೇಳಬಹುದು. ದಿಕ್ಕುದೆಸೆಯಿಲ್ಲದೆ ಚೆಲ್ಲಿದ ಹಪ್ಪಳಗಳಾದರೆ ದುಂಡಗೆ ಕಾಣುವವೂ ಸಾಕಷ್ಟು ಇರಲೇಬೇಕು. ವಿರಾಜ್ ಪಾಂಡ್ಯ ಮತ್ತು ಸಂಗಡಿಗರು ವೆಬ್ ಚಿತ್ರಗಳಲ್ಲಿ ಹೀಗೆ ಎಣಿಸಿದಾಗ, ಆ ಕಾಲದ ಹಗುರ ಗೆಲಾಕ್ಸಿಗಳಲ್ಲಿ ದುಂಡಗಿನವು ಕಡಿಮೆ ಬಿದ್ದವು. ಅಂದರೆ ಬಹಳಷ್ಟು ಸೌತೆಕಾಯಿಗಳೇ ಇರಬೇಕು ಎಂದು ಅವರ ವಾದ. ಮಂಕಾದ ದುಂಡು ತಟ್ಟೆಗಳು ಕಣ್ಣಿಗೆ ಬೀಳದೆ ಹೋಗಿರಬಹುದಲ್ಲ ಎಂದು ಕೇಳುವುದು ಸುಲಭ. ಟೋಲ್ಮನ್ನರ ಮಂಜು ಇಲ್ಲಿಯೂ ಬಿಟ್ಟಿಲ್ಲ.

ಈ ಚರ್ಚೆಯ ನಡುವೆಯೇ 2025ರ ನವೆಂಬರಿನಲ್ಲಿ ಪುಣೆಯಿಂದ ಒಂದು ಸುದ್ದಿ ಬಂತು. ಅಲ್ಲಿನ ರಾಷ್ಟ್ರೀಯ ರೇಡಿಯೊ ಖಭೌತ ಕೇಂದ್ರದ ರಾಶಿ ಜೈನ್ ಮತ್ತು ಯೋಗೇಶ್ ವಾಡದೇಕರ್ ವೆಬ್ ಚಿತ್ರಗಳಲ್ಲಿ ಎರಡು ತೋಳುಗಳ ಚೆಂದದ ಸುರುಳಿಯೊಂದನ್ನು ಗುರುತಿಸಿದರು. ವಿಶ್ವಕ್ಕೆ ಆಗ ಸುಮಾರು 150 ಕೋಟಿ ವರ್ಷ. ಗೆಲಾಕ್ಸಿಯ ಅಗಲ 30 ಸಾವಿರ ಜ್ಯೋತಿರ್ವರ್ಷ. ಅದರ ನಕ್ಷತ್ರಗಳ ತೂಕ ಸುಮಾರು ಸಾವಿರ ಕೋಟಿ ಸೂರ್ಯರಷ್ಟು. ನಡುವೆ ಅಡ್ಡ ನಿಂತಿರುವ ಏಬೆಲ್ 2744 ಎಂಬ ಗೆಲಾಕ್ಸಿ ಸಮೂಹವೇ ಮಸೂರದಂತೆ ಅದರ ಬೆಳಕನ್ನು ಹಿಗ್ಗಿಸಿ ಕಳಿಸಿದೆ. ಹಿಂದೆ, 2012ರಲ್ಲಿ, ಡೇವಿಡ್ ಲಾ ಮತ್ತು ಸಂಗಡಿಗರು ಹಬಲ್ ಚಿತ್ರಗಳಲ್ಲಿ ಮುನ್ನೂರು ದೂರದ ಗೆಲಾಕ್ಸಿಗಳನ್ನು ಜಾಲಾಡಿದಾಗ ಇಂಥ ಸ್ಪಷ್ಟ ಸುರುಳಿ ಸಿಕ್ಕದ್ದು ಒಂದೇ. ಅದೂ ಇದಕ್ಕಿಂತ ನೂರು ಕೋಟಿ ವರ್ಷಕ್ಕೂ ಹೆಚ್ಚು ಈಚಿನದು. ಪುಣೆಯವರು ತಮ್ಮ ಗೆಲಾಕ್ಸಿಗೆ ಅಲಕನಂದಾ ಎಂದು ಹೆಸರಿಟ್ಟರು. ಹಿಂದಿಯಲ್ಲಿ ಆಕಾಶಗಂಗೆಗೆ ಮಂದಾಕಿನಿ ಎನ್ನುತ್ತಾರೆ. ಹಿಮಾಲಯದಲ್ಲಿ ಮಂದಾಕಿನಿಯ ಜೊತೆಗಾತಿ ನದಿ ಅಲಕನಂದಾ.

ಅಷ್ಟು ಎಳೆಯ ವಿಶ್ವದಲ್ಲಿ ಇಂಥ ತಟ್ಟೆ ನೆಲೆಗೊಂಡು, ಅದರ ಮೇಲೆ ತೋಳುಗಳು ಮೂಡಲು ಸಮಯ ಎಲ್ಲಿತ್ತು? ತಣ್ಣಗೆ ತಿರುಗುವ ತಟ್ಟೆಯಲ್ಲಿ ತಾನಾಗಿ ಎದ್ದ ಅಲೆಗಳೋ, ಪಕ್ಕದಲ್ಲಿ ಹಾದುಹೋದ ಇನ್ನೊಂದು ಗೆಲಾಕ್ಸಿ ಎಳೆದು ಬಿಟ್ಟ ಗುರುತೋ? ಚಿತ್ರ ನೋಡಿ ಇದಕ್ಕೆ ಉತ್ತರ ಹೇಳಲಾಗದು. ಅಲಕನಂದಾದ ಅನಿಲ ಯಾವ ಬದಿಯಲ್ಲಿ ನಮ್ಮತ್ತ ಬರುತ್ತಿದೆ, ಯಾವ ಬದಿಯಲ್ಲಿ ಅತ್ತ ಸರಿಯುತ್ತಿದೆ, ನಡುವೆ ಎಷ್ಟು ಕದಡಿದೆ ಎಂದು ಅಳೆಯಬೇಕು. ವೆಬ್‌ನ ರೋಹಿತಮಾಪಕಕ್ಕೂ ಚಿಲಿ ದೇಶದ ಮರುಭೂಮಿಯಲ್ಲಿರುವ ಆಲ್ಮಾ ರೇಡಿಯೊ ದೂರದರ್ಶಕಗಳಿಗೂ ಆ ಅಳತೆ ಸಾಧ್ಯವಿದೆ.